ಹಳೆ ಕ್ವಾಲಿಸ್ ಎಂಜಿನ್: ಬಿಚ್ಚಿ ಕಟ್ಟಿಸುವುದೋ, ಬದಲಿಸುವುದೋ? ಪದೇ ಪದೇ ಕೇಳುವ ಪ್ರಶ್ನೆಗಳು

ಬಿಡದಿಯ ಟೊಯೋಟಾ ಕಿರ್ಲೋಸ್ಕರ್ ಕಾರ್ಖಾನೆಯಿಂದ 2000ದಲ್ಲಿ ಹೊರಬರಲು ಶುರುವಾದ ಕ್ವಾಲಿಸ್ 2005ರ ಆರಂಭದಲ್ಲಿ ನಿಂತುಹೋಯಿತು. ಕೊನೆಯ ಗಾಡಿಗೂ ಈಗ ಇಪ್ಪತ್ತು ದಾಟಿದೆ. ಆದರೂ ಎಷ್ಟೋ ಮನೆಗಳಲ್ಲಿ ಮದುವೆ, ಜಾತ್ರೆ, ಧರ್ಮಸ್ಥಳ ಎಂದರೆ ಹೊರಡುವುದು ಅದೇ ಗಾಡಿ. ಡೀಸೆಲ್ ಕ್ವಾಲಿಸ್‌ನಲ್ಲಿರುವುದು 2ಎಲ್ ಎಂಬ 2446 ಸಿಸಿ ಎಂಜಿನ್: ನಾಲ್ಕು ಸಿಲಿಂಡರ್, ಟರ್ಬೊ ಇಲ್ಲ, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಇಲ್ಲ, ಸುಮಾರು 75 ಅಶ್ವಶಕ್ತಿ. ಕೆಳಗಿನ ಉತ್ತರಗಳೆಲ್ಲ ಈ ಎಂಜಿನ್ನಿಗೆ ಸಂಬಂಧಿಸಿದವು. ಅಳತೆ ಮಾಡುವ ಕ್ರಮ ಮಾತ್ರ ಸುಮೋ, ಬೊಲೆರೊದಂಥ ಹಳೆ ಡೀಸೆಲ್ ಗಾಡಿಗಳಿಗೂ ಹೊಂದುತ್ತದೆ, ಅಂಕಿಗಳು ಹೊಂದುವುದಿಲ್ಲ.

ಮೆಕ್ಯಾನಿಕ್ "ಎಂಜಿನ್ ಹೋಯ್ತು, ಬೇರೆ ಹಾಕಿಸಿ" ಅಂದರು. ನಂಬಬಹುದಾ?

ಏನನ್ನು ಅಳೆದು ಹಾಗೆ ಹೇಳಿದರು ಎಂದು ಮೊದಲು ಕೇಳಿ. ಕಂಪ್ರೆಷನ್ (ಪಿಸ್ಟನ್ ಗಾಳಿಯನ್ನು ಅದುಮಿದಾಗ ಸಿಲಿಂಡರಿನಲ್ಲಿ ಬರುವ ಒತ್ತಡ) ಎಷ್ಟು ಬಂತು, ಆಯಿಲ್ ಪ್ರೆಶರ್ ಎಷ್ಟಿದೆ, ಸಾವಿರ ಕಿಲೋಮೀಟರಿಗೆ ಎಷ್ಟು ಆಯಿಲ್ ತಿನ್ನುತ್ತಿದೆ, ಕೂಲೆಂಟ್ ಎಲ್ಲಿಗೆ ಹೋಗುತ್ತಿದೆ. ಈ ನಾಲ್ಕಕ್ಕೆ ಅಂಕಿಯಲ್ಲಿ ಉತ್ತರ ಸಿಗದಿದ್ದರೆ ಅದು ತೀರ್ಮಾನವಲ್ಲ, ಊಹೆ.

2ಎಲ್ ಎಂಜಿನ್ನಿನ ಬ್ಲಾಕು, ಕ್ರ್ಯಾಂಕು ಬಹಳ ಗಟ್ಟಿ. ಮೊದಲು ಕೈಕೊಡುವುದು ಹೆಡ್ (ಬ್ಲಾಕಿನ ಮೇಲೆ ಕೂರುವ, ವಾಲ್ವ್‌ಗಳಿರುವ ಭಾಗ), ಅದರ ಗ್ಯಾಸ್ಕೆಟ್ (ಹೆಡ್, ಬ್ಲಾಕ್ ನಡುವಿನ ಹಾಳೆ), ಡೀಸೆಲ್ ಸಿಂಪಡಿಸುವ ನಾಜಲ್, ಡೀಸೆಲ್ ಪಂಪಿನ ಸೀಲುಗಳು, ತಣ್ಣಗಿರುವಾಗ ಸ್ಟಾರ್ಟ್ ಆಗಲು ಬಿಸಿ ಕೊಡುವ ಗ್ಲೋ ಪ್ಲಗ್. ಪಿಕಪ್ ಇಲ್ಲ, ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ, ಕಪ್ಪು ಹೊಗೆ ಬರುತ್ತದೆ ಎಂಬ ಮೂರೂ ದೂರು ಒಟ್ಟಿಗೇ ಇದ್ದಾಗಲೂ ಎಂಜಿನ್ನಿನ ಕೆಳಭಾಗ ಚೆನ್ನಾಗಿಯೇ ಇರಬಹುದು.

ಹೊಗೆಯ ಬಣ್ಣ ನೋಡಿ ಹೇಳಬಹುದಾ?

ಅರ್ಧ ಹೇಳಬಹುದು. ಕಪ್ಪು ಹೊಗೆ ಎಂದರೆ ಡೀಸೆಲ್ ಹೆಚ್ಚು, ಗಾಳಿ ಕಡಿಮೆ. ಏರ್ ಫಿಲ್ಟರ್ ನೋಡಿ, ನಾಜಲ್ ಟೆಸ್ಟ್ ಮಾಡಿಸಿ, ಪಂಪಿನ ಡೀಸೆಲ್ ಸ್ಕ್ರೂವನ್ನು ಯಾರಾದರೂ "ಪಿಕಪ್ ಬರಲಿ" ಎಂದು ತಿರುಗಿಸಿದ್ದಾರಾ ನೋಡಿ. ಚಳಿಯಲ್ಲಿ ಸ್ಟಾರ್ಟ್ ಮಾಡಿದಾಗ ಬಿಳಿ ಹೊಗೆ ಬಂದು, ಕಣ್ಣು ಉರಿಯುವ ಡೀಸೆಲ್ ವಾಸನೆ ಇದ್ದು, ಬಿಸಿಯಾದ ಮೇಲೆ ನಿಂತರೆ ಗ್ಲೋ ಪ್ಲಗ್ ಅಥವಾ ಪಂಪ್ ಟೈಮಿಂಗ್. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದು ನೀರೂ ಇಳಿಯುತ್ತಿದ್ದರೆ ಹೆಡ್ ಮೇಲೆ ಅನುಮಾನ.

ನೀಲಿ ಹೊಗೆ ಆಯಿಲ್ ಉರಿಯುವುದು. ಇಲ್ಲಿ ಸಮಯ ಗಮನಿಸಬೇಕು. ಚಾರ್ಮಾಡಿಯಂಥ ಘಾಟಿಯನ್ನು ಗೇರಿನಲ್ಲಿ ಇಳಿದು ಬಂದು ಮತ್ತೆ ಆಕ್ಸಿಲರೇಟರ್ ಒತ್ತಿದ ಕೂಡಲೇ ಒಮ್ಮೆ ಬುಸ್ಸೆಂದು ಬಂದು ನಿಂತರೆ ವಾಲ್ವ್ ಸೀಲ್. ಏರು ಹತ್ತುವಾಗ ಉದ್ದಕ್ಕೂ ಬರುತ್ತಿದ್ದರೆ ಪಿಸ್ಟನ್ ರಿಂಗ್. ವಾಲ್ವ್ ಸೀಲ್ ಕೆಲಸ ಹೆಡ್ಡಿನ ಮೇಲ್ಭಾಗದಲ್ಲೇ ಮುಗಿಯುತ್ತದೆ. ರಿಂಗಿಗೆ ಎಂಜಿನ್ ಪೂರ್ತಿ ಬಿಚ್ಚಬೇಕು. ಈ ವ್ಯತ್ಯಾಸ ಗೊತ್ತಾಗದೆ ಎಷ್ಟೋ ಎಂಜಿನ್‌ಗಳು ಸುಮ್ಮನೆ ಬಿಚ್ಚಿಸಿಕೊಂಡಿವೆ.

ಕಂಪ್ರೆಷನ್ ಟೆಸ್ಟ್ ಹೇಗೆ ಮಾಡಿಸಬೇಕು? ಎಷ್ಟು ಬರಬೇಕು?

ಇಡೀ ನಿರ್ಧಾರ ನಿಂತಿರುವುದು ಇದರ ಮೇಲೆ. ಹಾಗಾಗಿ ಪಕ್ಕದಲ್ಲಿ ನಿಂತು ಮಾಡಿಸಿ.

ಗೇಜ್ ಡೀಸೆಲ್‌ನದ್ದೇ ಆಗಿರಬೇಕು, ಚದರ ಸೆಂಟಿಮೀಟರಿಗೆ ಕನಿಷ್ಠ 50–70 ಕೆ.ಜಿ.ವರೆಗೆ ಓದುವಂಥದ್ದು. ಪೆಟ್ರೋಲ್ ಕಾರಿನ ಗೇಜ್ ಇಲ್ಲಿ ಒಡೆದು ಹೋಗುತ್ತದೆ. ಬ್ಯಾಟರಿ ಪೂರ್ತಿ ಚಾರ್ಜ್ ಆಗಿರಬೇಕು. ಸ್ಟಾರ್ಟರ್ ನಿಮಿಷಕ್ಕೆ 250 ಸುತ್ತಾದರೂ ತಿರುಗಿಸದಿದ್ದರೆ ಒಳ್ಳೆ ಎಂಜಿನ್ನೂ ಕೆಟ್ಟದಾಗಿ ಕಾಣುತ್ತದೆ. ಎಂಜಿನ್ ಓಡಿಸಿ ಬಿಸಿ ಮಾಡಿ. ಡೀಸೆಲ್ ಕಟ್ ಆಫ್ ಸೊಲೆನಾಯ್ಡ್‌ನ ವೈರ್ ಕಳಚಿ. ನಾಲ್ಕೂ ಗ್ಲೋ ಪ್ಲಗ್ ತೆಗೆದು, ಆ ತೂತಿಗೆ ಅಡಾಪ್ಟರ್ ಹಾಕಿ ಒಂದೊಂದೇ ಸಿಲಿಂಡರ್ ಅಳೆಯಿರಿ. ಪ್ರತಿ ಸಲ ಕೆಲವೇ ಸೆಕೆಂಡ್ ಕ್ರ್ಯಾಂಕ್ ಮಾಡಿದರೆ ಸಾಕು. ನಾಲ್ಕೂ ಅಂಕಿಗಳನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳಿ.

ಈ ಎಂಜಿನ್ ಹೊಸದಿದ್ದಾಗ ಚದರ ಸೆಂಟಿಮೀಟರಿಗೆ 32 ಕೆ.ಜಿ. ಬರಬೇಕು. ಕನಿಷ್ಠ ಮಿತಿ 20. ಒಂದು ಸಿಲಿಂಡರಿಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ 5 ಕೆ.ಜಿ. ದಾಟಬಾರದು. ಓದುವ ಕ್ರಮ ಹೀಗೆ:

ನಾಲ್ಕೂ 25ರ ಮೇಲಿದ್ದು ಹತ್ತಿರ ಹತ್ತಿರ ಇದ್ದರೆ ಎಂಜಿನ್ ಬಿಚ್ಚಬೇಡಿ. ತೊಂದರೆ ಪಂಪ್, ನಾಜಲ್, ಗ್ಲೋ ಪ್ಲಗ್ ಕಡೆ ಇದೆ. ಅಕ್ಕಪಕ್ಕದ ಎರಡು ಸಿಲಿಂಡರ್ ಮಾತ್ರ ಬಿದ್ದಿದ್ದರೆ, ಉದಾಹರಣೆಗೆ 28, 17, 16, 27 ಬಂದರೆ, ಆ ಎರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ. ಒಂದೇ ಬಿದ್ದಿದ್ದರೆ ವಾಲ್ವ್ ಕೂರುತ್ತಿಲ್ಲ ಅಥವಾ ರಿಂಗ್ ಮುರಿದಿದೆ. ನಾಲ್ಕೂ 20ರ ಕೆಳಗೆ ಹೋಗಿದ್ದರೆ ಬೋರ್ (ಸಿಲಿಂಡರಿನ ಒಳಗೋಡೆ) ಸವೆದಿದೆ. ಆಗ ಮಾತ್ರ "ಎಂಜಿನ್ ಕೆಲಸ" ಎಂಬ ಮಾತಿಗೆ ಅರ್ಥ.

ರಿಂಗೋ ವಾಲ್ವೋ ಎಂದು ತಿಳಿಯಲು ಸಿಲಿಂಡರಿಗೆ ಆಯಿಲ್ ಬಿಟ್ಟು ಮತ್ತೆ ಅಳೆಯುವುದುಂಟು. ಡೀಸೆಲ್‌ನಲ್ಲಿ ಇದನ್ನು ಹುಷಾರಾಗಿ ಮಾಡಬೇಕು. ಪಿಸ್ಟನ್ ಮೇಲೆ ಬಂದಾಗ ಇದರಲ್ಲಿ ಉಳಿಯುವ ಜಾಗ ಸುಮಾರು 29 ಮಿಲಿ ಲೀಟರ್ ಅಷ್ಟೇ. ಒಂದು ಟೀ ಚಮಚ, ಅಂದರೆ 5 ಮಿ.ಲೀ. ಬಿಟ್ಟರೂ ಆ ಜಾಗದ ಆರನೇ ಒಂದು ಭಾಗ ತುಂಬಿಬಿಡುತ್ತದೆ. ಅಂಕಿ ತಾನಾಗಿಯೇ ಏರುತ್ತದೆ. ಅರ್ಧ ಚಮಚ ಸಾಕು. ಧಾರೆಯಾಗಿ ಸುರಿದರೆ ಕನೆಕ್ಟಿಂಗ್ ರಾಡ್ ಬಾಗಬಹುದು.

"ಬ್ಯಾಕ್ ಕಂಪ್ರೆಷನ್ ಬರ್ತಿದೆ" ಅಂದರೆ ಎಂಜಿನ್ ಮುಗಿಯಿತು ಅಂತಲಾ?

ಆಯಿಲ್ ಹಾಕುವ ಮುಚ್ಚಳ ತೆಗೆದು, ಅಲ್ಲಿಂದ ಹಬೆ ಬರುವುದನ್ನು ತೋರಿಸಿ ಹೀಗೆ ಹೇಳುತ್ತಾರೆ. ಎರಡು ಲಕ್ಷ ಕಿ.ಮೀ. ಓಡಿದ ಡೀಸೆಲ್‌ನಲ್ಲಿ ಸ್ವಲ್ಪ ಹಬೆ ಇದ್ದೇ ಇರುತ್ತದೆ. ಮುಚ್ಚಳವನ್ನು ತಲೆಕೆಳಗಾಗಿ ಆ ತೂತಿನ ಮೇಲೆ ಸುಮ್ಮನೆ ಇಡಿ. ಅಲ್ಲೇ ಅಲ್ಲಾಡುತ್ತ ಕೂತರೆ ಚಿಂತೆಯಿಲ್ಲ. ಹಾರಿ ಬಿದ್ದರೆ, ಜೊತೆಗೆ ಬ್ರೀದರ್ ಪೈಪಿನಿಂದ (ಎಂಜಿನ್ ಒಳಗಿನ ಹಬೆ ಹೊರಹೋಗುವ ಪೈಪ್) ಏರ್ ಫಿಲ್ಟರ್ ಕಡೆ ಆಯಿಲ್ ಬಂದು ಅಂಟಿದ್ದರೆ ಕಂಪ್ರೆಷನ್ ಅಳೆಯಿರಿ. ಮೊದಲು ಬ್ರೀದರ್ ಪೈಪ್ ಕಟ್ಟಿಕೊಂಡಿಲ್ಲವೆಂದು ನೋಡಿ. ಅದು ಕಟ್ಟಿದರೂ ಹೀಗೇ ಆಗುತ್ತದೆ.

ಆಯಿಲ್ ಎಷ್ಟು ಕುಡಿದರೆ ಸಹಿಸಬಹುದು?

ಗಾಡಿಯನ್ನು ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಡಿಪ್‌ಸ್ಟಿಕ್‌ನ ಮೇಲಿನ ಗೆರೆಯವರೆಗೆ ತುಂಬಿಸಿ, ಸಾವಿರ ಕಿ.ಮೀ. ಓಡಿಸಿ, ಮತ್ತೆ ಅದೇ ಗೆರೆಗೆ ತರಲು ಎಷ್ಟು ಬೇಕಾಯಿತೆಂದು ಅಳತೆ ಲೋಟದಲ್ಲಿ ನೋಡಿ. ಅರ್ಧ ಲೀಟರ್‌ವರೆಗೆ ಇದ್ದರೆ ಮೇಲೆ ಹಾಕಿಕೊಂಡು ಓಡಿಸಿ. ಆ ದುಡ್ಡಿಗಾಗಿ ಎಂಜಿನ್ ಬಿಚ್ಚುವುದು ಎಂದೂ ಗಿಟ್ಟುವುದಿಲ್ಲ. ಒಂದು ಲೀಟರ್ ದಾಟಿದರೆ ಕೆಲಸದ ಕಾಲ ಹತ್ತಿರ ಬಂದಿದೆ. ಸೋರಿಕೆಯನ್ನು ಇದರಿಂದ ಕಳೆಯಿರಿ. ಬ್ರೇಕಿನ ವ್ಯಾಕ್ಯೂಮ್ ಪಂಪ್ ಈ ಎಂಜಿನ್‌ನಲ್ಲಿ ಆಲ್ಟರ್‌ನೇಟರ್ ಬೆನ್ನಿಗಿದೆ, ಅದಕ್ಕೆ ಆಯಿಲ್ ಪೈಪ್ ಹೋಗುತ್ತದೆ. ಆ ಪೈಪಿನ ಬುಡದಲ್ಲಿ ಜಿನುಗಿ ಕೆಳಗೆ ಹರಡಿ "ಎಂಜಿನ್ ಪೂರ್ತಿ ಲೀಕ್" ಎಂಬಂತೆ ಕಾಣುತ್ತದೆ.

ಆಯಿಲ್ ಪ್ರೆಶರ್ ಕೂಡ ಕೈಗೇಜ್ ಹಾಕಿ ಅಳೆಸಿ. ಬಿಸಿ ಎಂಜಿನ್ (ಆಕ್ಸಿಲರೇಟರ್ ಒತ್ತದೆ) ಐಡ್ಲಿಂಗ್‌ನಲ್ಲಿ 0.3 ಕೆ.ಜಿ.ಗಿಂತ ಕಡಿಮೆ ಇರಬಾರದು, 3,000 ಸುತ್ತಿನಲ್ಲಿ 2.5ರಿಂದ 6ರ ಒಳಗಿರಬೇಕು. ಇದು ಬಿದ್ದಿದ್ದರೆ ಬೇರಿಂಗ್ ಅಥವಾ ಆಯಿಲ್ ಪಂಪ್ ಸವೆದಿದೆ. ಬರೀ ಹೆಡ್ ಕೆಲಸ ಮಾಡಿಸಿ ಮುಚ್ಚುವಂತಿಲ್ಲ.

ನೀರು ಕಡಿಮೆಯಾಗುತ್ತಿದೆ, ಮೀಟರ್ ಮೇಲೇರುತ್ತದೆ. ಹೆಡ್ ಹೋಗಿದೆಯಾ?

ಈ ಎಂಜಿನ್ನಿನ ನಿಜವಾದ ದುರ್ಬಲ ಜಾಗ ಇದು. ಒಮ್ಮೆ ಜೋರಾಗಿ ಕಾದರೆ ಹೆಡ್ ಬಾಗುತ್ತದೆ, ಅಥವಾ ವಾಲ್ವ್ ಸೀಟಿನ ಹತ್ತಿರ ಬಿರುಕು ಬಿಡುತ್ತದೆ.

ಮನೆಯಲ್ಲೇ ನೋಡಬಹುದು. ಬೆಳಿಗ್ಗೆ ಎಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರ್ ಮುಚ್ಚಳ ತೆಗೆದು, ಕತ್ತಿನವರೆಗೆ ನೀರು ತುಂಬಿ, ಸ್ಟಾರ್ಟ್ ಮಾಡಿ. ಮೊದಲ ಕೆಲವು ಗುಳ್ಳೆ ಬಿಟ್ಟುಬಿಡಿ. ಎರಡು ಮೂರು ನಿಮಿಷ ಕಳೆದರೂ ಸೋಡಾ ಬಾಟಲಿಯಂತೆ ಸಣ್ಣ ಗುಳ್ಳೆ ಏಳುತ್ತಲೇ ಇದ್ದರೆ, ರೇಸ್ ಕೊಟ್ಟಾಗ ನೀರು ಉಕ್ಕಿದರೆ, ಸಿಲಿಂಡರಿನ ಗ್ಯಾಸ್ ನೀರಿಗೆ ಬರುತ್ತಿದೆ. ಮುಚ್ಚಳ ಹಾಕಿ ಸ್ಟಾರ್ಟ್ ಮಾಡಿದಾಗ, ನೀರು ಇನ್ನೂ ಬಿಸಿಯಾಗುವ ಮುಂಚೆಯೇ ಮೇಲಿನ ಹೋಸ್ ಕಲ್ಲಿನಂತೆ ಗಟ್ಟಿಯಾದರೂ ಅದೇ ಅರ್ಥ. ಬಿಸಿ ಎಂಜಿನ್‌ನ ಮುಚ್ಚಳ ಮಾತ್ರ ಎಂದೂ ತೆಗೆಯಬೇಡಿ, ಮುಖಕ್ಕೆ ಚಿಮ್ಮುತ್ತದೆ.

ಗುಳ್ಳೆ ಬರದೆ ಬರೀ ಕಾಯುತ್ತಿದ್ದರೆ ಹೆಡ್ ಮೇಲೆ ಕೈ ಹಾಕುವ ಮುಂಚೆ ತಂಪಿನ ವ್ಯವಸ್ಥೆ ನೋಡಿ. ಕೋಲಾರ, ಚಿತ್ರದುರ್ಗದ ಕಡೆಯ ಬೋರ್‌ವೆಲ್ ನೀರು ಹಾಕಿಕೊಂಡು ಬಂದ ರೇಡಿಯೇಟರ್ ಒಳಗೆ ಸ್ಟೌವಿನ ಪಾತ್ರೆಯ ತಳದಂತೆ ಬಿಳಿ ಕಲ್ಲು ಕಟ್ಟಿರುತ್ತದೆ. ಎಂಜಿನ್ ಬಿಸಿಯಾಗಿರುವಾಗಲೇ ಆಫ್ ಮಾಡಿ, ಫ್ಯಾನನ್ನು ಕೈಯಿಂದ ತಳ್ಳಿ ನೋಡಿ: ಸರ್ರೆಂದು ಹಲವು ಸುತ್ತು ತಿರುಗಿದರೆ ಅದರ ಕಪ್ಲಿಂಗ್ ಸತ್ತಿದೆ, ತಡೆದು ನಿಂತರೆ ಸರಿ ಇದೆ. ಇನ್ನೊಂದು, ಥರ್ಮೋಸ್ಟಾಟ್, ಅಂದರೆ ನೀರು ಬಿಸಿಯಾದ ಮೇಲೆ ಬಾಯಿ ತೆರೆದು ಅದನ್ನು ರೇಡಿಯೇಟರಿಗೆ ಬಿಡುವ ವಾಲ್ವ್. "ಗಾಡಿ ಕಾಯದಿರಲಿ" ಎಂದು ಅದನ್ನು ಕಿತ್ತೆಸೆಯುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅದು ತಪ್ಪು. ಕಿತ್ತರೆ ಎಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ, ಡೀಸೆಲ್ ಪೂರ್ತಿ ಉರಿಯುವುದಿಲ್ಲ, ಬೋರ್ ಬೇಗ ಸವೆಯುತ್ತದೆ. ಹೊಸದು ಹಾಕುವ ಮುಂಚೆ ಕುದಿಯುವ ನೀರಿನಲ್ಲಿ ಬಿಟ್ಟು ಅದು ಬಾಯಿ ತೆರೆಯುತ್ತದೆಯೇ ನೋಡಿಕೊಳ್ಳಿ.

ಹೆಡ್ ಕೆಲಸ ಮಾಡಿಸುವಾಗ ಏನೇನು ತಪ್ಪಾಗುತ್ತದೆ?

ಬಹಳ ತಪ್ಪಾಗುತ್ತದೆ. ಆರು ತಿಂಗಳಲ್ಲಿ ಮತ್ತೆ ಗ್ಯಾಸ್ಕೆಟ್ ಹೋಗುವುದು ಇವುಗಳಿಂದಲೇ.

ಬಿರುಕನ್ನು ಕಣ್ಣಲ್ಲಿ ನೋಡಿ "ಏನಿಲ್ಲ" ಎಂದು ಮುಚ್ಚುವುದು ಮೊದಲನೆಯದು. ಹೆಡ್ಡನ್ನು ಪ್ರೆಶರ್ ಟೆಸ್ಟ್ ಮಾಡಿಸಲೇಬೇಕು: ನೀರಿನ ದಾರಿಗಳನ್ನು ಮುಚ್ಚಿ, ಗಾಳಿ ತುಂಬಿ, ಬಿಸಿ ನೀರಿನ ತೊಟ್ಟಿಯಲ್ಲಿ ಮುಳುಗಿಸಿದರೆ ಬಿರುಕು ಗುಳ್ಳೆ ಬಿಟ್ಟು ತೋರಿಸುತ್ತದೆ. ಬಿರುಕಿದ್ದರೆ ಬೆಸುಗೆ ಹಾಕಿಸುವುದಕ್ಕಿಂತ ಹೊಸ ಹೆಡ್ ತರುವುದು ಲೇಸು.

ಎರಡನೆಯದು ಮಟ್ಟ. ಸ್ಟ್ರೈಟ್ ಎಡ್ಜ್ ಇಟ್ಟು ಫೀಲರ್ ಗೇಜ್ ತೂರಿಸಿದಾಗ 0.20 ಮಿ.ಮೀ.ಗಿಂತ ಹೆಚ್ಚು ಸಂದು ಇರಬಾರದು. ಬಾಗಿದ್ದರೆ ಲೇತ್‌ನವರು ಫೇಸಿಂಗ್ ಮಾಡುತ್ತಾರೆ, ಅಂದರೆ ಮೈ ಕೆರೆದು ಸಮ ಮಾಡುತ್ತಾರೆ. ಆದರೆ ಹೆಡ್ಡಿನಿಂದ ಲೋಹ ಹೋದಷ್ಟೂ ವಾಲ್ವ್ ಕೆಳಕ್ಕೆ, ಪಿಸ್ಟನ್ ಹತ್ತಿರಕ್ಕೆ ಬರುತ್ತದೆ. ವಾಲ್ವನ್ನು ಸೀಟಿನಲ್ಲಿ ಅಷ್ಟೇ ಒಳಗೆ ಕೂರಿಸದಿದ್ದರೆ ಪಿಸ್ಟನ್ ಹೊಡೆಯುತ್ತದೆ.

ಮೂರನೆಯದು ಗ್ಯಾಸ್ಕೆಟ್ ದಪ್ಪ. ಈ ಎಂಜಿನ್ನಿಗೆ ಬಿ, ಡಿ, ಎಫ್ ಎಂಬ ಗುರುತಿನ ಮೂರು ದಪ್ಪದ ಗ್ಯಾಸ್ಕೆಟ್ ಬರುತ್ತವೆ. ಬಿ ತೆಳು, ಎಫ್ ದಪ್ಪ. ಪಿಸ್ಟನ್ ಬ್ಲಾಕಿನ ಮಟ್ಟಕ್ಕಿಂತ ಎಷ್ಟು ಮೇಲೆ ಬರುತ್ತದೆ ಎಂದು ಡಯಲ್ ಗೇಜಿನಲ್ಲಿ ನಾಲ್ಕನ್ನೂ ಅಳೆದು, ಅತಿ ಹೆಚ್ಚು ಬಂದದ್ದಕ್ಕೆ ತಕ್ಕ ಗ್ಯಾಸ್ಕೆಟ್ ಆರಿಸಬೇಕು. ಅಂಗಡಿಯಲ್ಲಿ "ಕ್ವಾಲಿಸ್ ಗ್ಯಾಸ್ಕೆಟ್ ಕೊಡಿ" ಎಂದು ಸಿಕ್ಕಿದ್ದನ್ನು ತಂದು ಹಾಕಿದರೆ, ತೆಳುವಾದಾಗ ಪಿಸ್ಟನ್ ತಾಗುತ್ತದೆ, ದಪ್ಪವಾದಾಗ ಕಂಪ್ರೆಷನ್ ಇಳಿದು ಬೆಳಗಿನ ಸ್ಟಾರ್ಟ್ ಕಷ್ಟವಾಗುತ್ತದೆ. ಅಳತೆ ಬರೆದುಕೊಡಿ ಎಂದು ಕೇಳಿ. ಯಾರು ಬರೆದುಕೊಡುತ್ತಾರೋ ಅವರ ಕೈಗೆ ಎಂಜಿನ್ ಕೊಡಿ.

ಇನ್ನು ಬೋಲ್ಟ್. ನಡುವಿನಿಂದ ಹೊರಕ್ಕೆ, ಹಂತ ಹಂತವಾಗಿ 78 ನ್ಯೂಟನ್ ಮೀಟರ್‌ವರೆಗೆ ಬಿಗಿದು, ಆಮೇಲೆ ಪ್ರತಿ ಬೋಲ್ಟಿಗೂ ಬಣ್ಣದ ಚುಕ್ಕೆ ಇಟ್ಟು 90 ಡಿಗ್ರಿ, ಮತ್ತೆ ಇನ್ನೊಂದು 90 ಡಿಗ್ರಿ ತಿರುಗಿಸಬೇಕು. ಎಳೆದು ಉದ್ದವಾದ ಹಳೆ ಬೋಲ್ಟ್ ಮತ್ತೆ ಹಾಕಬೇಡಿ. ಟೈಮಿಂಗ್ ಬೆಲ್ಟ್, ಟೆನ್ಷನರ್, ವಾಟರ್ ಪಂಪ್ ಇದೇ ಸಲ ಬದಲಿಸಿಬಿಡಿ. ಬೆಲ್ಟಿನ ಆಯುಸ್ಸು 1,00,000 ಕಿ.ಮೀ.; ತುಂಡಾದರೆ ವಾಲ್ವ್ ಬಾಗಿ ಮತ್ತೆ ಇದೇ ಹೆಡ್ ಬಿಚ್ಚಬೇಕಾಗುತ್ತದೆ.

ಹಾಫ್ ಎಂಜಿನ್, ಫುಲ್ ಎಂಜಿನ್ ಅನ್ನುತ್ತಾರಲ್ಲ, ಯಾವುದು ಸರಿ?

ರಿಂಗ್, ಬೇರಿಂಗ್ ಮಾತ್ರ ಹೊಸದು ಹಾಕಿ, ಬೋರ್ ಮುಟ್ಟದೆ ಕಟ್ಟುವುದಕ್ಕೆ ಹಾಫ್ ಎಂಜಿನ್ ಎನ್ನುತ್ತಾರೆ. ಬೋರ್ ಕೊರೆಸಿ (ರೀಬೋರ್), ಹೊಸ ಪಿಸ್ಟನ್ ಹಾಕಿ ಕಟ್ಟುವುದು ಫುಲ್ ಎಂಜಿನ್. ಬೋರ್ ಸವೆದಿಲ್ಲದಿದ್ದರೆ ಮಾತ್ರ ಹಾಫ್ ಎಂಜಿನ್ ಕೆಲಸ. ಮೊಟ್ಟೆಯಾಕಾರಕ್ಕೆ ಸವೆದ ಬೋರಿನಲ್ಲಿ ಹೊಸ ಗುಂಡನೆ ರಿಂಗ್ ಹಾಕಿದರೆ ಸುತ್ತ ಕೂರುವುದಿಲ್ಲ. ಸ್ವಲ್ಪ ದಿನಕ್ಕೇ ಹಳೆಯದಕ್ಕಿಂತ ಹೆಚ್ಚು ಆಯಿಲ್ ತಿನ್ನುತ್ತದೆ.

ಹಾಗಾಗಿ ಬೋರ್ ಅಳತೆಯೇ ತೀರ್ಮಾನ. ಮೂಲ ಬೋರ್ 92 ಮಿ.ಮೀ. ಬೋರ್ ಗೇಜಿನಲ್ಲಿ ಮೇಲೆ, ನಡುವೆ, ಕೆಳಗೆ ಮೂರು ಕಡೆ, ಕ್ರ್ಯಾಂಕಿನ ಉದ್ದಕ್ಕೂ ಅಡ್ಡಕ್ಕೂ ಎರಡು ದಿಕ್ಕಿನಲ್ಲಿ, ಅಂದರೆ ಒಂದು ಸಿಲಿಂಡರಿಗೆ ಆರು ಅಳತೆ, ಒಟ್ಟು ಇಪ್ಪತ್ನಾಲ್ಕು. ಸವೆತ 0.20 ಮಿ.ಮೀ. ದಾಟಿದ್ದರೆ ನಾಲ್ಕನ್ನೂ ರೀಬೋರ್ ಮಾಡಿಸಿ 0.50 ಮಿ.ಮೀ. ಓವರ್‌ಸೈಜ್ ಪಿಸ್ಟನ್ ಹಾಕಿಸಿ. ಒಂದೇ ಸಿಲಿಂಡರ್ ರೀಬೋರ್ ಮಾಡಿಸುವುದು ಬೇಡ. ಪಿಸ್ಟನ್ ತೂಕ ಬೇರೆ ಬೇರೆಯಾಗಿ ಎಂಜಿನ್ ನಡುಗುತ್ತದೆ. ಒಮ್ಮೆ ಓವರ್‌ಸೈಜ್ ಆಗಿ ಮತ್ತೆ ಸವೆದ ಬ್ಲಾಕಿಗೆ ಸ್ಲೀವ್ (ಹೊಸ ಒಳಕೊಳವೆ) ಹೊಡೆಸಿ ಮೂಲ ಅಳತೆಗೆ ತರಬಹುದು.

ಪಿಸ್ಟನ್ ಮೊದಲು ಕೊಂಡುಕೊಳ್ಳಿ, ಲೇತಿಗೆ ಬ್ಲಾಕಿನ ಜೊತೆ ಕೊಡಿ. ಕೈಯಲ್ಲಿರುವ ಪಿಸ್ಟನ್‌ಗೆ ತಕ್ಕಂತೆ ಬೋರ್ ಮಾಡಬೇಕೇ ಹೊರತು ಪುಸ್ತಕದ ಅಂಕಿಗಲ್ಲ. ಹೋನಿಂಗ್ (ಬೋರಿನ ಒಳಮೈಯನ್ನು ಕಲ್ಲಿನಿಂದ ಉಜ್ಜುವುದು) ಮುಗಿದ ಮೇಲೆ ಬೋರಿನೊಳಗೆ ಒಂದರ ಮೇಲೊಂದು ಅಡ್ಡಹಾಯುವ ಸಣ್ಣ ಗೀರುಗಳು ಕಾಣಬೇಕು. ಕನ್ನಡಿಯಂತೆ ಹೊಳೆದರೆ ರಿಂಗ್ ಕೂರುವುದಿಲ್ಲ. ಆಮೇಲೆ ಬ್ಲಾಕನ್ನು ಬಿಸಿ ನೀರು, ಸೋಪಿನಲ್ಲಿ ಬ್ರಷ್ ಹಾಕಿ ತೊಳೆಯಬೇಕು. ಬಿಳಿ ಬಟ್ಟೆಗೆ ಆಯಿಲ್ ಹಚ್ಚಿ ಬೋರ್ ಒರೆಸಿದಾಗ ಬಟ್ಟೆ ಬೂದು ಬಣ್ಣಕ್ಕೆ ತಿರುಗಿದರೆ ಹೋನಿಂಗ್ ಕಲ್ಲಿನ ಪುಡಿ ಇನ್ನೂ ಇದೆ, ಮತ್ತೆ ತೊಳೆಯಿರಿ. ಆ ಪುಡಿ ಉಳಿದರೆ ಹೊಸ ಬೇರಿಂಗನ್ನು ಮರಳು ಕಾಗದದಂತೆ ಉಜ್ಜಿಹಾಕುತ್ತದೆ.

ಗುಜರಿಯಲ್ಲಿ ರೆಡಿ ಎಂಜಿನ್ ಸಿಗುತ್ತದೆ. ಕಟ್ಟಿಸುವುದಕ್ಕಿಂತ ಅಗ್ಗ. ಹಾಕಿಸಬಹುದಾ?

ಬೆಂಗಳೂರಿನ ಶಿವಾಜಿನಗರ, ಚೆನ್ನೈನ ಪುದುಪೇಟೆಯಂಥ ಕಡೆ ಸಿಗುತ್ತವೆ. ಆದರೆ ಅದೂ ಇಪ್ಪತ್ತು ವರ್ಷ ದಾಟಿದ ಎಂಜಿನ್ನೇ ಎಂಬುದನ್ನು ಮರೆಯಬೇಡಿ. ನಿಮ್ಮ ಎಂಜಿನ್‌ನ ಚರಿತ್ರೆ ನಿಮಗೆ ಗೊತ್ತು, ಅದರದ್ದು ಗೊತ್ತಿಲ್ಲ. ಬ್ಲಾಕ್ ಒಡೆದಿದ್ದರೆ, ರಾಡ್ ಹೊರಬಂದು ತೂತಾಗಿದ್ದರೆ, ಕ್ರ್ಯಾಂಕ್ ತುಂಡಾಗಿದ್ದರೆ ಮಾತ್ರ ಈ ದಾರಿ. ಇಲ್ಲದಿದ್ದರೆ ನಿಮ್ಮ ಬ್ಲಾಕನ್ನೇ ಕಟ್ಟಿಸುವುದು ನಮ್ಮ ಸಲಹೆ. ಬ್ಲಾಕ್ ಉಳಿದರೆ ಎಂಜಿನ್ ನಂಬರ್ ಉಳಿಯುತ್ತದೆ. ನಂಬರ್ ಉಳಿದರೆ ಆರ್‌ಟಿಓ ಕೆಲಸವೇ ಇಲ್ಲ.

ಕೊಳ್ಳುವುದೇ ಆದರೆ ಬೆಂಚಿನ ಮೇಲೆ ಓಡಿಸಿ ತೋರಿಸಿದ್ದನ್ನು ನೋಡಿ ಒಪ್ಪಬೇಡಿ, ಕಂಪ್ರೆಷನ್ ಅಳೆಸಿ. ಹೆಡ್ ಬೋಲ್ಟುಗಳ ಮೇಲೆ ಹೊಸ ಸ್ಪ್ಯಾನರ್ ಗುರುತಿದೆಯಾ ನೋಡಿ. ಸಂಪ್ (ಎಂಜಿನ್ ಕೆಳಗಿನ ಆಯಿಲ್ ತಟ್ಟೆ) ಬಿಚ್ಚಿಸಿ ತಳದಲ್ಲಿ ಹೊಳೆಯುವ ಚೂರಿದೆಯಾ ನೋಡಿ. ಎಂಜಿನ್ ನಂಬರ್ ಬರೆದ ಬಿಲ್, ಆ ಎಂಜಿನ್ ಇದ್ದ ಗಾಡಿಯ ಆರ್‌ಸಿ ರದ್ದಾದ ದಾಖಲೆಯ ಪ್ರತಿ ಎರಡೂ ಬೇಕು. ನಂಬರಿನ ಜಾಗ ಉಜ್ಜಿದ್ದರೆ, ಮತ್ತೆ ಕೊರೆದಂತೆ ಕಂಡರೆ, ಎಷ್ಟೇ ಅಗ್ಗವಿದ್ದರೂ ಬಿಟ್ಟು ಬನ್ನಿ. ಕಳವು ಗಾಡಿಯದ್ದಾಗಿದ್ದರೆ ಪೊಲೀಸರು ಹುಡುಕಿ ಬರುವುದು ನಿಮ್ಮ ಮನೆಗೆ.

ಎಂಜಿನ್ ಬದಲಿಸಿದರೆ ಆರ್‌ಟಿಓದಲ್ಲಿ ಏನು ಮಾಡಬೇಕು?

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಆರ್‌ಸಿಯಲ್ಲಿರುವ ವಿವರ ತಯಾರಕರು ಮೂಲತಃ ಕೊಟ್ಟದ್ದಕ್ಕಿಂತ ಬೇರೆಯಾಗುವಂತೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನೇ ಎತ್ತಿಹಿಡಿಯಿತು. ಅದೇ ಮಾದರಿಯ, ಅದೇ ಸಿಸಿಯ, ಅದೇ ಇಂಧನದ ಎಂಜಿನ್ ಹಾಕಿಸುವುದಕ್ಕೆ ದಾರಿ ಇದೆ. ಮೊದಲೇ ಆರ್‌ಟಿಓಗೆ ಹೋಗಿ ಕೇಳಿ, ಒಪ್ಪಿಗೆ ಪಡೆದು ಆಮೇಲೆ ಎಂಜಿನ್ ಇಳಿಸಿ. ಬದಲಾದ 14 ದಿನದೊಳಗೆ ಆರ್‌ಸಿ ಸಮೇತ ವರದಿ ಮಾಡಿ ಹೊಸ ನಂಬರ್ ದಾಖಲಿಸಬೇಕು. ಪರಿವಾಹನ್ ಜಾಲತಾಣದಲ್ಲಿ ವಾಹನ ಮಾರ್ಪಾಡು ಸೇವೆಯಡಿ ಅರ್ಜಿ ಹಾಕಬಹುದು. ಜೊತೆಗೆ ಎಂಜಿನ್ ಬಿಲ್, ವಿಮೆ, ಹೊಗೆ ತಪಾಸಣೆ ಪತ್ರ, ಸಾಲವಿದ್ದರೆ ಸಾಲ ಕೊಟ್ಟವರ ಒಪ್ಪಿಗೆ ಪತ್ರ ಇಟ್ಟುಕೊಳ್ಳಿ. ಇನ್‌ಸ್ಪೆಕ್ಟರ್ ಗಾಡಿ ನೋಡಿ ನಂಬರಿನ ಪೆನ್ಸಿಲ್ ಪ್ರಿಂಟ್ ತೆಗೆಯುತ್ತಾರೆ. ಗ್ರೀಸ್ ಒರೆಸಿ ನಂಬರ್ ಕಾಣುವಂತೆ ಮಾಡಿಕೊಂಡು ಹೋಗಿ.

ಆರ್‌ಸಿ ಬದಲಾದ ಕೂಡಲೇ ವಿಮೆ ಪಾಲಿಸಿಯಲ್ಲೂ ಹೊಸ ನಂಬರ್ ಸೇರಿಸಿ. ಅಪಘಾತವಾದ ದಿನ ಪಾಲಿಸಿಯಲ್ಲಿ ಒಂದು ನಂಬರ್, ಬ್ಲಾಕಿನಲ್ಲಿ ಇನ್ನೊಂದು ಇದ್ದರೆ ತಕರಾರು ಖಂಡಿತ.

3ಎಲ್, 5ಎಲ್ ಹಾಫ್ ಕಟ್ ಎಂಜಿನ್ (ಅರ್ಧ ಕತ್ತರಿಸಿದ ಹಳೆ ಗಾಡಿಯೊಂದಿಗೆ ಬರುವ ಎಂಜಿನ್) ಅಥವಾ ಇನ್ನೋವಾ ಎಂಜಿನ್ ಹಾಕಿಸಿದರೆ ಪಿಕಪ್ ಚೆನ್ನಾಗಿರುತ್ತದಂತೆ?

ಪಿಕಪ್ ಚೆನ್ನಾಗಿರುತ್ತದೆ, ನಿಜ. 3ಎಲ್ 2779 ಸಿಸಿ, 5ಎಲ್ 2986 ಸಿಸಿ. ಎರಡೂ 2ಎಲ್‌ನ ಅಣ್ಣಂದಿರೇ ಆದ್ದರಿಂದ ಕೂರಿಸುವುದು ಹೆಚ್ಚು ಕಷ್ಟವಲ್ಲ. ಆದರೆ ನಿಮ್ಮ ಆರ್‌ಸಿಯಲ್ಲಿ 2446 ಎಂದಿದೆ. ಒಪ್ಪಿಗೆ ಸಿಗುವುದಿಲ್ಲ. ಒಪ್ಪಿಗೆಯಿಲ್ಲದ ಮಾರ್ಪಾಡಿಗೆ 182ಎ ಕಲಂನಡಿ ಪ್ರತಿ ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಅಥವಾ ಎರಡೂ.

ಇನ್ನೋವಾದ 2ಕೆಡಿ ಎಂಜಿನ್ 2494 ಸಿಸಿ, 102 ಅಶ್ವಶಕ್ತಿ, ಕಾಮನ್ ರೈಲ್ (ಕಂಪ್ಯೂಟರ್ ಹಿಡಿತದಲ್ಲಿ ಡೀಸೆಲ್ ಸಿಂಪಡಿಸುವ ಬಗೆ). ಅದಕ್ಕೆ ಇಸಿಯು, ಪೂರ್ತಿ ವೈರಿಂಗ್, ಸೆನ್ಸರ್ ಇರುವ ಆಕ್ಸಿಲರೇಟರ್ ಪೆಡಲ್, ಹೊಸ ಡೀಸೆಲ್ ಲೈನ್, ಫಿಲ್ಟರ್, ದೊಡ್ಡ ರೇಡಿಯೇಟರ್, ಮೌಂಟಿಂಗ್ ಎಲ್ಲ ಬೇಕು. 2ಎಲ್ ದಾರಿಯಲ್ಲಿ ನಿಂತರೆ ಯಾವ ಊರಿನ ಮೆಕ್ಯಾನಿಕ್ಕಾದರೂ ಸ್ಪ್ಯಾನರ್ ಹಿಡಿದು ಓಡಿಸುತ್ತಾನೆ. ಈ ಮಿಶ್ರಣ ನಿಂತರೆ ಕಟ್ಟಿದವನೇ ಬರಬೇಕು. ಮನೆ ಮಂದಿ, ವಯಸ್ಸಾದವರು, ಮಕ್ಕಳು ಕೂರುವ ಗಾಡಿಗೆ, 75 ಅಶ್ವಶಕ್ತಿಗೆಂದು ಮಾಡಿದ ಬ್ರೇಕಿನ ಮೇಲೆ, ವಿಮೆಯ ಭರವಸೆಯೂ ಇಲ್ಲದೆ ಇದನ್ನು ಮಾಡಿಸುವುದು ಬೇಡ.

ಎಂಜಿನ್ನಿಗೆ ದುಡ್ಡು ಹಾಕುವ ಮುಂಚೆ ಇನ್ನೇನು ನೋಡಬೇಕು?

ಚಾಸಿ. ಕ್ವಾಲಿಸ್ ಚಾಸಿ ಮೇಲೆ ಬಾಡಿ ಕೂರಿಸಿದ ಗಾಡಿ. ಹಿಂದಿನ ಪಟ್ಟಿ ಸ್ಪ್ರಿಂಗ್ ಹಿಡಿದಿರುವ ಬ್ರಾಕೆಟ್‌ಗಳ ಸುತ್ತ, ಕ್ರಾಸ್ ಮೆಂಬರ್ ಸೇರುವ ಕಡೆ ಕೆಸರು ಕೆರೆದು, ಸಣ್ಣ ಸುತ್ತಿಗೆಯಲ್ಲಿ ತಟ್ಟುತ್ತ ಬನ್ನಿ. ಟಣ್ ಎಂದರೆ ಸರಿ. ದಬ್ ಎಂದರೆ, ಸ್ಕ್ರೂ ಡ್ರೈವರ್ ತುದಿ ಒಳಗಿಳಿದರೆ ಅಲ್ಲಿ ತುಕ್ಕು ತಿಂದಿದೆ. ಮಂಗಳೂರು, ಉಡುಪಿ, ಕಾರವಾರದ ಉಪ್ಪು ಗಾಳಿಯಲ್ಲಿದ್ದ ಗಾಡಿಗಳಲ್ಲಿ ಇದನ್ನು ಬಿಡದೆ ನೋಡಿ. ಚಾಸಿ ಹೋಗಿದ್ದರೆ ಎಂಜಿನ್ ಕೆಲಸ ಬೇಡ, ನೋಂದಾಯಿತ ಸ್ಕ್ರ್ಯಾಪ್ ಕೇಂದ್ರಕ್ಕೆ ಕೊಡಿ. ಚಾಸಿ ನಂಬರ್ ಓದಲು ಬರುತ್ತದೆಯಾ ಅದನ್ನೂ ನೋಡಿ.

ಆಮೇಲೆ ಆರ್‌ಸಿ ನವೀಕರಣ. ಹದಿನೈದು ವರ್ಷವಾದ ಮೇಲೆ ಐದೈದು ವರ್ಷಕ್ಕೆ ನವೀಕರಿಸಬೇಕು. 2025ರ ಆಗಸ್ಟ್‌ನ ಕೇಂದ್ರ ಅಧಿಸೂಚನೆಯಂತೆ 20 ವರ್ಷ ದಾಟಿದ ಲಘು ವಾಹನಕ್ಕೆ ನವೀಕರಣ ಶುಲ್ಕ 10,000 ರೂಪಾಯಿ. ಹಸಿರು ತೆರಿಗೆ ಬೇರೆ. ಎಂಜಿನ್ ಕೆಲಸವನ್ನು ನವೀಕರಣಕ್ಕೆ ಸ್ವಲ್ಪ ಮುಂಚೆ ಮಾಡಿಸಿದರೆ ಹೊಗೆ ತಪಾಸಣೆಯೂ ಸಲೀಸು. ಈ ಕಾಲದ ಡೀಸೆಲ್ ಗಾಡಿಗೆ ಹೊಗೆಯ ದಟ್ಟಣೆಯ ಮಿತಿ, ತಪಾಸಣೆ ಯಂತ್ರದ ಅಳತೆಯಲ್ಲಿ, ಮೀಟರಿಗೆ 2.45.

ಹತ್ತು ವರ್ಷದ ಡೀಸೆಲ್ ಗಾಡಿ ಓಡಿಸಬಾರದು ಅಂತ ಕಾನೂನಿದೆಯಲ್ಲ?

ಅದು ದೆಹಲಿ ರಾಜಧಾನಿ ಪ್ರದೇಶಕ್ಕೆ ಸಂಬಂಧಿಸಿದ್ದು. ಕರ್ನಾಟಕದಲ್ಲಿ ಇಲ್ಲ.

ದುಡ್ಡು ಗಿಟ್ಟುತ್ತದಾ?

ಮೈಲೇಜಿನ ಲೆಕ್ಕದಲ್ಲಿ ಗಿಟ್ಟುವುದಿಲ್ಲ. ವರ್ಷಕ್ಕೆ 8,000 ಕಿ.ಮೀ. ಓಡುವ ಗಾಡಿ ಲೀಟರಿಗೆ 10ರಿಂದ 12ಕ್ಕೆ ಏರಿದರೆ ಉಳಿಯುವುದು ವರ್ಷಕ್ಕೆ 133 ಲೀಟರ್ ಡೀಸೆಲ್. ಮರುಮಾರಾಟದಲ್ಲೂ ಎಂಜಿನ್ ಕೆಲಸದ ಬೆಲೆ ಪೂರ್ತಿ ವಾಪಸ್ ಬರುವುದಿಲ್ಲ. ಲೆಕ್ಕ ಹಾಕಬೇಕಾದ್ದು ಬೇರೆ: ಇದೇ ಎಂಟು ಜನ ಕೂರುವ ಇನ್ನೊಂದು ಗಾಡಿಗೆ ಎಷ್ಟಾಗುತ್ತದೆ, ಈ ಗಾಡಿ ಇನ್ನು ಐದು ವರ್ಷ ಬೇಕಾ. ಮೂರು ಕಡೆ ಅಂದಾಜು ಪಟ್ಟಿ ಬರೆಸಿಕೊಳ್ಳಿ, ಲೇತ್ ಖರ್ಚು, ಸಾಮಾನು, ಕೂಲಿ ಬೇರೆ ಬೇರೆಯಾಗಿ. ಬಿಚ್ಚಿದ ಮೇಲೆ ಕ್ರ್ಯಾಂಕ್, ಪಂಪ್, ಕ್ಲಚ್ ಎಂದು ಬೆಳೆಯುವುದರಿಂದ ಕಾಲುಭಾಗ ಹೆಚ್ಚಿಗೆ ಕೈಯಲ್ಲಿಟ್ಟುಕೊಂಡು ಶುರುಮಾಡಿ. ಅಷ್ಟಿಲ್ಲದಿದ್ದರೆ ಬಿಚ್ಚಿಸಬೇಡಿ, ಬಿಚ್ಚಿ ಅರ್ಧಕ್ಕೆ ನಿಂತ ಗಾಡಿಗೆ ಗುಜರಿ ಬೆಲೆಯೂ ಸರಿಯಾಗಿ ಬರುವುದಿಲ್ಲ.

ಎಲೆಕ್ಟ್ರಿಕ್‌ಗೆ ಬದಲಾಯಿಸಬಹುದಾ?

ಕಾನೂನಿನಲ್ಲಿ ಅವಕಾಶವಿದೆ, ಆದರೆ ನಿಮ್ಮ ಮಾದರಿಗೆಂದೇ ಅನುಮೋದನೆ ಪಡೆದ ಕಿಟ್ ಇರಬೇಕು, ಅನುಮತಿ ಇರುವವರೇ ಕೂರಿಸಬೇಕು. ಕಿಟ್ ಮಾರುವವರು ಅನುಮೋದನೆ ಪತ್ರದಲ್ಲಿ ಕ್ವಾಲಿಸ್ ಹೆಸರು ತೋರಿಸದಿದ್ದರೆ ಮುಂಗಡ ಕೊಡಬೇಡಿ.

ಕಟ್ಟಿದ ಎಂಜಿನನ್ನು ಮೊದಲು ಹೇಗೆ ಓಡಿಸಬೇಕು?

ಮೊದಲ ಸ್ಟಾರ್ಟಿಗೆ ಮುಂಚೆ ಡೀಸೆಲ್ ಸೊಲೆನಾಯ್ಡ್ ವೈರ್ ಕಳಚಿಟ್ಟು, ಆಯಿಲ್ ಲೈಟ್ ಆರುವವರೆಗೆ ಸ್ವಲ್ಪ ಸ್ವಲ್ಪವೇ ಕ್ರ್ಯಾಂಕ್ ಮಾಡಿ. ಬೇರಿಂಗ್ ಒಣಗಿ ತಿರುಗಬಾರದು. ಸ್ಟಾರ್ಟ್ ಆದ ಮೇಲೆ ಅರ್ಧ ದಿನ ಐಡ್ಲಿಂಗ್‌ನಲ್ಲಿ ಬಿಡುವ ಹಳೆ ಪದ್ಧತಿ ಬೇಡ. ಹೊರೆಯಿಲ್ಲದೆ ಓಡಿದರೆ ರಿಂಗ್ ಕೂರದೆ ಬೋರ್ ಹೊಳಪಾಗಿಬಿಡುತ್ತದೆ. ಹದಿನೈದು ಇಪ್ಪತ್ತು ನಿಮಿಷ ಸೋರಿಕೆ ನೋಡಿ, ನೀರಿನ ಗಾಳಿ ಬಿಟ್ಟು, ರಸ್ತೆಗೆ ತನ್ನಿ.

ಮೊದಲ 1,000 ಕಿ.ಮೀ. ಒಂದೇ ವೇಗದಲ್ಲಿ ಹೆದ್ದಾರಿ ಓಡಿಸಬೇಡಿ, ಏರಿಳಿತವಿರುವ ರಸ್ತೆ ಒಳ್ಳೆಯದು. ಎಂಟು ಜನ ತುಂಬಿಕೊಂಡು ಘಾಟಿ ಹತ್ತಬೇಡಿ. ಟಾಪ್ ಗೇರಿನಲ್ಲಿ ಎಳೆದಾಡಿಸದೆ ಗೇರ್ ಇಳಿಸಿ. 15ಡಬ್ಲ್ಯೂ-40 ಡೀಸೆಲ್ ಆಯಿಲ್ ಸಾಕು. ದುಬಾರಿ ಸಿಂಥೆಟಿಕ್ ಈಗ ಬೇಡ. 500 ಕಿ.ಮೀ.ಗೆ ಮೊದಲ ಸಲ ಆಯಿಲ್, ಫಿಲ್ಟರ್ ಬದಲಿಸಿ, 1,500ಕ್ಕೆ ಎರಡನೇ ಸಲ, ಆಮೇಲೆ 5,000ಕ್ಕೊಮ್ಮೆ. ಮೊದಲ ಸಲ ಇಳಿಸಿದ ಆಯಿಲನ್ನು ಬಿಳಿ ಪ್ಲಾಸ್ಟಿಕ್ ಟಬ್ಬಿನಲ್ಲಿ ಹಿಡಿದು ಬಿಸಿಲಿಗೆ ವಾಲಿಸಿ ನೋಡಿ. ಬೂದು ಬಣ್ಣದ ನುಣ್ಣನೆ ಹೊಳಪು ಇದ್ದೇ ಇರುತ್ತದೆ, ಅದು ರಿಂಗ್ ಕೂರುವಾಗಿನ ಸವೆತ. ಬೆರಳಿಗೆ ಸಿಗುವಂಥ ಚೂರು, ಅದರಲ್ಲೂ ಮ್ಯಾಗ್ನೆಟ್ಟಿಗೆ ಅಂಟದ ಬಿಳಿ ಅಥವಾ ತಾಮ್ರ ಬಣ್ಣದ ಚೂರು ಕಂಡರೆ ಬೇರಿಂಗ್ ಹೋಗುತ್ತಿದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿ, ಆ ಆಯಿಲ್ ಚೆಲ್ಲದೆ ಕಟ್ಟಿದವರಿಗೆ ತೋರಿಸಿ.